ಎಪ್ಪತ್ತೆರಡು ಗಂಟೆ, ತೊಂಬತ್ತು ದಿನ

(ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕನ್ನಡ ವಿದ್ಯಾರ್ಥಿಗಳ ಮುಂದೆ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯನ್ನು ಇಟ್ಟವರು ತಮ್ಮ ಹೆಸರು ಹೇಳಬೇಡಿ ಎಂದಿದ್ದಾರೆ. ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರು. ನಾನು ವಿಷಯ ತಿಳಿಸಿದಾಗ ಸಂಘಟಕರಲ್ಲೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಣ್ಣುಮಕ್ಕಳೂ ಬಂದಿರ್ತಾರೆ ಮೇಡಂ" ಅಂದರು. ಬಂದಿರಲಿ, ಅವರೂ ಕೇಳಬೇಕಾದ ಮಾತು ಇದು ಅಂದೆ. ನೀವೆಲ್ಲ ಎದ್ದು ಹೋಗದೆ ಕೂತಿದ್ದೀರಿ, ಸಂತೋಷ.

ಒಂದು ಫೋನಿನಿಂದ ಶುರು ಮಾಡುತ್ತೇನೆ. ಹೇಳಲು ಆ ಹುಡುಗನ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ರಾತ್ರಿ ಎರಡರ ಹೊತ್ತು. "ಮೇಡಮ್ಮರ, ಹೊತ್ತಲ್ಲದ ಹೊತ್ತಿನ್ಯಾಗ ಮಾಡೀನಿ, ಸಿಟ್ಟಾಗಬ್ಯಾಡ್ರಿ. ನಮ್ ಗೆಳೆಯಗ ಒಂದು ಸಮಸ್ಯೆ ಆಗೈತ್ರಿ" ಅಂತ ದನಿ. ಸಿಂಧನೂರು ಕಡೆಯ ಮಾತು. ನಾನು ಧಾರವಾಡದವಳು, ಆ ದನಿ ಕಿವಿಗೆ ಬಿದ್ದರೆ ನಿದ್ದೆ ತಾನಾಗಿ ಹಾರಿಹೋಗುತ್ತದೆ. ಗೆಳೆಯನಿಗೆ ಏನಾಗಿದೆ, ಎಷ್ಟು ದಿನವಾಯಿತು ಎಂದು ಕೇಳಿದೆ. "ಹನ್ನೊಂದು ದಿನ ಆತ್ರಿ" ಅಂದ. ಆಮೇಲೆ ಮಾತಿಲ್ಲ. ಹಿಂದೆ ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಅವನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂತಿದ್ದನೆಂದು ಆಮೇಲೆ ಗೊತ್ತಾಯಿತು. ಅವನ ಕೋಣೆಯ ಗೋಡೆ ಪ್ಲೈವುಡ್ಡಿನದು. ಈ ಕಡೆ ಉಸಿರು ಬಿಟ್ಟರೆ ಆ ಕಡೆ ಕೇಳಿಸುತ್ತದೆ. ಅಳುವುದಕ್ಕೂ ಜಾಗ ಹುಡುಕಿಕೊಂಡು ತಾರಸಿಗೆ ಹೋಗಬೇಕು.

ಈ ಜಾಗ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ದೇಶ ಒಡೆದಾಗ ಪಾಕಿಸ್ತಾನದ ಕಡೆಯಿಂದ ಎಲ್ಲವನ್ನೂ ಕಳಕೊಂಡು ಬಂದವರು ನೆಲೆ ಕಟ್ಟಿಕೊಂಡ ಬಡಾವಣೆ ಇದು. ಬಾಬು ರಾಜೇಂದ್ರ ಪ್ರಸಾದರ ಹೆಸರು ಹೊತ್ತಿದೆ. ಅದೇ ಮನೆಗಳ ಮೇಲೆ ಮಹಡಿ ಏರಿ, ಮಹಡಿಯೊಳಗೆ ಕೋಣೆ, ಕೋಣೆಯೊಳಗೆ ಇನ್ನೊಂದು ಕೋಣೆ ಆಗಿವೆ. ಒಂದು ಮಂಚ, ಒಂದು ಮೇಜು, ಗೋಡೆಗೆ ವೇಳಾಪಟ್ಟಿ. 2024ರ ಜುಲೈ 27ರ ಸಂಜೆ ಇಲ್ಲೇ ಕೋಚಿಂಗ್ ಸೆಂಟರೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಅಂದು ರಾತ್ರಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ತಂದೆತಾಯಿ ಫೋನು ಹಿಡಿದು ಕೂತಿದ್ದರು. ಕಣ್ಣಿಗೆ ಕಾಣುವ ಅಪಾಯವಾದರೆ ಹಾಗೆ ಊರೇ ಎದ್ದು ಕೂರುತ್ತದೆ. ನಾನು ಹೇಳಹೊರಟಿರುವುದು ತಾರಸಿಯ ಮೇಲೆ ಒಬ್ಬನೇ ಕೂತವನ ಸಂಗತಿ.

ನಡೆದದ್ದು ಇಷ್ಟು. ಯುಪಿಎಸ್‌ಸಿ ಪ್ರಿಲಿಮ್ಸ್ ಎರಡನೇ ಸಲವೂ ಕೈಕೊಟ್ಟಿತ್ತು. ಫಲಿತಾಂಶ ಬಂದ ರಾತ್ರಿ ಇಬ್ಬರ ಜೊತೆ ಸೇರಿ ಅಜ್ಮೇರಿ ಗೇಟಿನ ಹತ್ತಿರ, ಲೈಂಗಿಕ ಕಾರ್ಯಕರ್ತೆಯರಿರುವ ಜಿ.ಬಿ. ರಸ್ತೆಗೆ ಹೋದ. ಜೀವನದಲ್ಲಿ ಮೊದಲ ಸಲ. ಕಾಂಡೋಮ್ ಬಳಸಿದ್ದ. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಅನುಮಾನ ಹುಟ್ಟಿತು: ಕತ್ತಲಿತ್ತು, ಹರಿದಿದ್ದರೆ? ಅಲ್ಲಿಂದ ಹನ್ನೊಂದು ದಿನ ಒಂದು ಪುಟ ಓದಿಲ್ಲ. ಅವ್ವನ ಫೋನು ಎತ್ತಿಲ್ಲ. ಎತ್ತಿದರೆ ದನಿಯಲ್ಲೇ ಅವಳಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆ.

ಹನ್ನೊಂದು ದಿನ ಎಂದಾಗ ವೈದ್ಯೆಯಾಗಿ ನನಗೆ ಮೊದಲು ಹೊಳೆದದ್ದು ಎಪ್ಪತ್ತೆರಡು ಗಂಟೆ ಎಂದೋ ದಾಟಿಹೋಗಿದೆ ಎಂಬುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಎಚ್‌ಐವಿ ವೈರಾಣು ದೇಹದೊಳಕ್ಕೆ ಬಂದ ಕೂಡಲೇ ಎಲ್ಲ ಕಡೆ ಹರಡುವುದಿಲ್ಲ. ಒಳಬಂದ ಜಾಗದಲ್ಲಿ ಕೆಲವು ಜೀವಕೋಶಗಳನ್ನು ಹಿಡಿದು, ಹತ್ತಿರದ ಹಾಲ್ರಸ ಗ್ರಂಥಿಗಳನ್ನು ತಲುಪಿ, ಅಲ್ಲಿಂದ ರಕ್ತಕ್ಕಿಳಿಯಲು ಅದಕ್ಕೆ ಕೆಲವು ದಿನ ಬೇಕು. ಆ ಸಣ್ಣ ಕಿಂಡಿಯಲ್ಲಿ ಔಷಧಿ ಹೊಕ್ಕರೆ ಅದು ನೆಲೆಯೂರದಂತೆ ತಡೆಯಬಹುದು. ಇದನ್ನು ಪಿಇಪಿ ಅನ್ನುತ್ತಾರೆ, ವೈದ್ಯರ ಬಾಯಲ್ಲಿ ಪೆಪ್. ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿ ಈಗ ಸಾಮಾನ್ಯವಾಗಿ ಒಂದೇ ಮಾತ್ರೆಯಲ್ಲಿ ಇರುತ್ತವೆ. ದಿನಕ್ಕೊಂದರಂತೆ 28 ದಿನ ತಪ್ಪದೆ ನುಂಗಬೇಕು. ಶುರು ಮಾಡಬೇಕಾದದ್ದು 72 ಗಂಟೆಯೊಳಗೆ. ಮೊದಲ ಕೆಲವು ಗಂಟೆಗಳಲ್ಲೇ ಆದರೆ ಇನ್ನೂ ಒಳ್ಳೆಯದು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಕೊಂಡ ನರ್ಸಿಗೆ, ಅತ್ಯಾಚಾರಕ್ಕೊಳಗಾದವರಿಗೆ ಕೊಡುವುದೂ ಇದೇ. ಎಲ್ಲರಿಗೂ ಬೇಕಾಗುವುದಿಲ್ಲ. ಬೇಕೇ ಬೇಡವೇ ಎಂದು ತೂಗಿ ನೋಡುವುದು ವೈದ್ಯರ ಕೆಲಸ. ಆದರೆ ವೈದ್ಯರ ಮುಂದೆ ಹೋಗಿ ಕೂತರೆ ತಾನೆ ತೂಗುವುದು?

ಅಲ್ಲೇ ಎಡವಟ್ಟಾಗುವುದು. ಭಯ ಮೊದಲ ಗಂಟೆಯಲ್ಲೇ ಬಂದಿರುತ್ತದೆ, ಬಾಯಿ ತೆರೆಯಲು ಹತ್ತು ದಿನ ಹಿಡಿಯುತ್ತದೆ. ಔಷಧಿ ಕೆಲಸ ಮಾಡುವ ಮೂರು ದಿನ ನಾಚಿಕೆಯ ಪಾಲಾಗುತ್ತವೆ. ಮೂರು ದಶಕಗಳಿಂದ ನಾನು ಕಂಡಿರುವುದು ಇದನ್ನೇ. ಇವತ್ತಿನ ಉಪನ್ಯಾಸದಲ್ಲಿ ನೀವು ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಇನ್ನು ಆ ಹುಡುಗನಿಗೆ ನಿಜಕ್ಕೂ ಎಷ್ಟು ಅಪಾಯವಿತ್ತು? ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಸಿಡಿಸಿ ಬಳಸುವ ಅಂದಾಜು ಹೀಗಿದೆ. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದ ಹೆಣ್ಣಿನೊಡನೆ ಗಂಡು ಕಾಂಡೋಮ್ ಇಲ್ಲದೆ ಯೋನಿ ಸಂಭೋಗ ಮಾಡಿದರೆ, 10,000 ಸಲಕ್ಕೆ ಸುಮಾರು 4 ಸಲ ಸೋಂಕು ತಗಲಬಹುದು. ಹೆಣ್ಣಿಗೆ ಗಂಡಿನಿಂದ ತಗಲುವುದು ಅದರ ಎರಡರಷ್ಟು, 8. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ 138. ಒಂದೇ ಸಿರಿಂಜನ್ನು ಹಂಚಿಕೊಂಡು ಚುಚ್ಚಿಕೊಂಡರೆ 63. ಇವು ಸರಾಸರಿಗಳು. ಜನನಾಂಗದಲ್ಲಿ ಹುಣ್ಣಿದ್ದರೆ, ಎದುರಿನವರಿಗೆ ಸೋಂಕು ಹೊಸತಾಗಿ ತಗಲಿದ್ದರೆ ಏರುತ್ತವೆ. ಕಾಂಡೋಮ್ ಸರಿಯಾಗಿ ಬಳಸಿದ್ದರೆ ಬಹಳ ಕೆಳಗಿಳಿಯುತ್ತವೆ. ಈ ಅಂಕಿಗಳನ್ನು ನಾನು ಧೈರ್ಯಕ್ಕೆಂದು ಹೇಳುತ್ತಿಲ್ಲ. 10,000ದಲ್ಲಿ 4 ಎಂಬುದು ಆ ನಾಲ್ವರಿಗೆ ಇಡೀ ಬದುಕು. ಭಯದ ಗಾತ್ರಕ್ಕೂ ಅಪಾಯದ ಗಾತ್ರಕ್ಕೂ ಸಂಬಂಧವಿಲ್ಲ ಎಂದು ತೋರಿಸಲು ಹೇಳುತ್ತಿದ್ದೇನೆ. ಕಾಂಡೋಮ್ ಬಳಸಿ ಬಂದವನು ಹನ್ನೊಂದು ರಾತ್ರಿ ನಿದ್ದೆ ಬಿಟ್ಟಿದ್ದಾನೆ. ಬಳಸದೆ ಬಂದ ಎಷ್ಟೋ ಜನ ಮರುದಿನ ಮರೆತಿರುತ್ತಾರೆ. ಇಬ್ಬರಿಗೂ ಬೇಕಾದ್ದು ಸಿಕ್ಕಿರುವುದಿಲ್ಲ.

ಅವನನ್ನು ಮನೆಗೆ ಕರೆಸಿದೆ. ಬಗಲಲ್ಲಿ ಲಕ್ಷ್ಮೀಕಾಂತರ ಪಾಲಿಟಿ ಪುಸ್ತಕ. ಅದನ್ನು ಬಿಟ್ಟು ಹೊರಗೆ ಬರಲಾರದಷ್ಟು ಅಭ್ಯಾಸವಾಗಿತ್ತೋ ಏನೋ. ಗೋಡೆಯ ವೇಳಾಪಟ್ಟಿಯ ಫೋಟೊ ತೋರಿಸಿದ. ಪರಿಷ್ಕರಣೆ, ಟೆಸ್ಟ್ ಸೀರೀಸ್ ಅಂತೆಲ್ಲ ಬರೆದ ಚೌಕಗಳ ನಡುವೆ ಮೂರು ದಿನಾಂಕಗಳಿಗೆ ಕೆಂಪು ಶಾಯಿಯ ಸುತ್ತು: 28ನೇ ದಿನ, 45ನೇ ದಿನ, 90ನೇ ದಿನ. ಎಲ್ಲೋ ಓದಿ ಲೆಕ್ಕ ಹಾಕಿದ್ದ. ಕೋಣೆಗೆ ಬಂದ ಗೆಳೆಯರು ಇದೇನೆಂದು ಕೇಳಿದರೆ ಮಾಕ್ ಟೆಸ್ಟ್ ಅನ್ನುತ್ತಿದ್ದನಂತೆ.

ಲೆಕ್ಕ ತಪ್ಪಿರಲಿಲ್ಲ. ಸೋಂಕು ತಗಲಿದರೂ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಕಾಲ ಬೇಕು. ನಾಲ್ಕನೇ ತಲೆಮಾರಿನ ಪರೀಕ್ಷೆ ವೈರಾಣುವಿನ ಪಿ24 ಎಂಬ ಅಂಶವನ್ನೂ ಅದರ ವಿರುದ್ಧ ನಮ್ಮ ದೇಹ ಮಾಡಿದ ಪ್ರತಿಕಾಯವನ್ನೂ ಒಟ್ಟಿಗೆ ಹುಡುಕುತ್ತದೆ. ರಕ್ತನಾಳದಿಂದ ತೆಗೆದ ರಕ್ತದಲ್ಲಿ ಲ್ಯಾಬಿನವರು ಮಾಡಿದರೆ 45 ದಿನಕ್ಕೆ ಅದರ ಉತ್ತರ ಗಟ್ಟಿ. ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಪ್ರತಿಕಾಯವನ್ನಷ್ಟೇ ನೋಡುವ ರ್‍ಯಾಪಿಡ್ ಕಿಟ್ಟಿನ ಮಟ್ಟಿಗೆ 90 ದಿನ ಕಾಯಬೇಕು. ಪೆಪ್ ನುಂಗಿದವರ ಎಣಿಕೆ ಮಾತ್ರೆ ಮುಗಿದಲ್ಲಿಂದ. ಇಷ್ಟರಲ್ಲಿ ಎಲ್ಲವೂ ಮುಗಿಯಬೇಕು. ದಿನ ಬಂತು, ಪರೀಕ್ಷೆಯಾಯಿತು, ನೆಗೆಟಿವ್ ಬಂತು, ಚೀಟಿ ಜೇಬಿಗಿಟ್ಟುಕೊಂಡು ಓದಲು ಕೂತ ಎಂದಾಗಬೇಕಿತ್ತು.

ಹಾಗಾಗಲಿಲ್ಲ. ಮುಂದಿನ ಆರು ತಿಂಗಳಲ್ಲಿ ಅವನು ಬೇರೆ ಬೇರೆ ಕಡೆ ಹನ್ನೊಂದು ಸಲ ಪರೀಕ್ಷೆ ಮಾಡಿಸಿದ. ಅಪ್ಪ ನಾಲ್ಕು ಎಕರೆ ಭತ್ತ ಬೆಳೆದು ಕಳಿಸುತ್ತಿದ್ದ ದುಡ್ಡು. ಎಲ್ಲ ಚೀಟಿಗಳೂ ಅದೇ ಪಾಲಿಟಿ ಪುಸ್ತಕದೊಳಗೆ, ಮಡಚಿದ ಪ್ಲಾಸ್ಟಿಕ್ ಕವರಿನಲ್ಲಿ. ಎಲ್ಲವೂ ನೆಗೆಟಿವ್. ಪ್ರತಿ ಸಲ ಅರ್ಧ ದಿನ ಹಗುರ, ಆಮೇಲೆ ಅನುಮಾನ. ಕಿಟ್ಟು ಹಳೆಯದಿರಬಹುದು. ಚೀಟಿ ಅದಲುಬದಲಾಗಿರಬಹುದು. ನನ್ನ ದೇಹ ಪ್ರತಿಕಾಯ ಮಾಡದ ಜಾತಿಯದಿರಬಹುದು. ದಿನಕ್ಕೆ ಹತ್ತಾರು ಸಲ ಕುತ್ತಿಗೆ ಒತ್ತಿ ಗಂಟು ಹುಡುಕುತ್ತಿದ್ದ. ಒತ್ತಿ ಒತ್ತಿ ಅಲ್ಲಿ ನೋವೇ ಬಂತು, ನೋವು ಬಂದದ್ದೇ ರೋಗದ ಸಾಕ್ಷಿಯಾಯಿತು. ಮೊಬೈಲ್ ಟಾರ್ಚ್ ಹಿಡಿದು ನಾಲಗೆ ನೋಡಿಕೊಳ್ಳುತ್ತಿದ್ದ. ಊಟ ಸೇರದೆ ತೂಕ ಇಳಿಯಿತು, ಅದೂ ಸಾಕ್ಷಿ. ಜೂನ್ ತಿಂಗಳು, ಕಿಟಕಿಯಿಲ್ಲದ ಕೋಣೆ, ಕರೆಂಟು ಹೋದ ರಾತ್ರಿ ಹಾಸಿಗೆ ಬೆವರಿನಿಂದ ಒದ್ದೆ. ದೆಹಲಿಯ ಜೂನಿನಲ್ಲಿ ಯಾರ ಹಾಸಿಗೆ ಒಣಗಿರುತ್ತದೆ ಹೇಳಿ. ಅವನಿಗೆ ಅದು ಏಡ್ಸಿನ ರಾತ್ರಿಬೆವರು.

ನಿಜವಾದ ಸೋಂಕಿನ ಶುರುವಿನಲ್ಲಿ, ಎರಡರಿಂದ ನಾಲ್ಕು ವಾರದ ಹೊತ್ತಿಗೆ, ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಗ್ರಂಥಿ ಊತ ಬರುವುದುಂಟು. ಕೆಲವರಿಗೆ ಏನೂ ಆಗುವುದಿಲ್ಲ. ಇದೇ ಲಕ್ಷಣಗಳು ಸಾಮಾನ್ಯ ವೈರಲ್ ಜ್ವರದಲ್ಲೂ ಬರುತ್ತವೆ. ಆದ್ದರಿಂದ ಲಕ್ಷಣ ನೋಡಿ ಹೌದು ಅನ್ನಲೂ ಬರುವುದಿಲ್ಲ, ಅಲ್ಲ ಅನ್ನಲೂ ಬರುವುದಿಲ್ಲ. ಪರೀಕ್ಷೆಯೊಂದೇ ದಾರಿ.

ಈ ಭಯ ಎಲ್ಲಿಂದ ಬಂತು? ಅದರಲ್ಲಿ ನನ್ನ ಪಾಲೂ ಇದೆ. 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಅವರೂ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿ, ವೆಲ್ಲೂರಿನಲ್ಲಿ ಪರೀಕ್ಷೆ ಮಾಡಿಸಿ, ಈ ದೇಶದಲ್ಲೂ ಎಚ್‌ಐವಿ ಇದೆಯೆಂದು ಮೊದಲು ತೋರಿಸಿಕೊಟ್ಟರು. ಆಗ ನಾನು ಹುಬ್ಬಳ್ಳಿಯ ಕೆಎಂಸಿಯಲ್ಲಿ ಓದುತ್ತಿದ್ದೆ. ಮೂರು ವರ್ಷದ ಮೇಲೆ, 1989ರಲ್ಲಿ, ಗೋವೆಯ ಡೊಮಿನಿಕ್ ಡಿಸೋಜಾ ಎಂಬ ಯುವಕ ರಕ್ತದಾನ ಮಾಡಿದಾಗ ಸೋಂಕು ಗೊತ್ತಾಗಿ, ಪೊಲೀಸರು ಅವನನ್ನು ಹಿಡಿದು ಹಳೆಯ ಕ್ಷಯದ ಆಸ್ಪತ್ರೆಯೊಂದರಲ್ಲಿ 64 ದಿನ ಕೂಡಿಹಾಕಿದರು. ಕಾಯಿಲೆಯನ್ನು ಅಪರಾಧವೆಂದು ಸರ್ಕಾರವೇ ನಂಬಿದ್ದ ಕಾಲ. ತೊಂಬತ್ತರ ದಶಕದಲ್ಲಿ ನಾನು ಕಾಲೇಜುಗಳಿಗೆ ಹೋಗಿ ಜಾಗೃತಿ ಭಾಷಣ ಮಾಡುತ್ತಿದ್ದೆ. ಎಲುಬು ಕಾಣುವ ರೋಗಿಗಳ ಸ್ಲೈಡು ತೋರಿಸುತ್ತಿದ್ದೆ. ಹೆದರಿಸಿದರೆ ಮಕ್ಕಳು ದಾರಿ ತಪ್ಪುವುದಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಹೆದರಿದವರು ದಾರಿ ತಪ್ಪದೇ ಇರಲಿಲ್ಲ, ದಾರಿ ತಪ್ಪಿದ್ದನ್ನು ಹೇಳುವುದನ್ನು ಬಿಟ್ಟರು. ಆ ಭಾಷಣಗಳಿಗಾಗಿ ನನಗೆ ಪಶ್ಚಾತ್ತಾಪವಿದೆ.

ಅದಕ್ಕೂ ಹಿಂದಿನ ಬೇರು ಇನ್ನೊಂದಿದೆ. ನಮ್ಮೂರ ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ 'ಗುಪ್ತರೋಗ' ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ಓದುತ್ತಲೇ ನಮ್ಮ ಗಂಡುಮಕ್ಕಳು ದೊಡ್ಡವರಾದರು. ಧಾತು ನಷ್ಟವಾದರೆ ಆಯುಷ್ಯ ಸೋರಿಹೋಗುತ್ತದೆಂಬ ಹೆದರಿಕೆ ಎಷ್ಟು ಸಾಮಾನ್ಯವಾಗಿತ್ತೆಂದರೆ, 1960ರಲ್ಲಿ ಮನೋವೈದ್ಯ ಎನ್.ಎನ್. ವಿಗ್ ಅವರು ಅದಕ್ಕೆ 'ಧಾತ್ ಸಿಂಡ್ರೋಮ್' ಎಂದೇ ಹೆಸರಿಟ್ಟರು. ಕಾಮ ಎಂದರೆ ತಪ್ಪು, ತಪ್ಪಿಗೆ ಮೈಯಲ್ಲಿ ಶಿಕ್ಷೆ ಎಂಬ ಲೆಕ್ಕ ಏಡ್ಸಿಗಿಂತ ಹಳೆಯದು.

ಆ ಹುಡುಗ ಹುಲಿಗಿಯ ಹುಲಿಗೆಮ್ಮನಿಗೆ ದೀಡ ನಮಸ್ಕಾರದ ಹರಕೆ ಹೊತ್ತಿದ್ದ. ಆ ಹರಕೆಯ ಬಗ್ಗೆ ನನಗೆ ಗೌರವವಿದೆ, ಕೈಮುಗಿಯುವುದು ನನಗೂ ಗೊತ್ತು. ಆದರೆ ಮಾತಾಡುತ್ತ ಅವನು ಒಂದು ವಾಕ್ಯ ಹೇಳಿದ: "ಪಾಸಿಟಿವ್ ಬಂದಿದ್ರ ಚಲೋ ಇತ್ತು ಅನಸ್ತೈತ್ರಿ ಒಮ್ಮೊಮ್ಮಿ. ಮಾಡಿದ್ದಕ್ಕ ಆತು ಅಂತ ಮುಗದೇ ಹೋಗ್ತಿತ್ತು." ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನು ಹನ್ನೊಂದು ಸಲ ಲ್ಯಾಬಿಗೆ ಹೋದದ್ದು ರಕ್ತದ ವಿಚಾರ ತಿಳಿಯುವುದಕ್ಕಲ್ಲ, ತೀರ್ಪು ಕೇಳುವುದಕ್ಕೆ. ನೆಗೆಟಿವ್ ಎಂಬ ಚೀಟಿ ವೈರಾಣು ಇಲ್ಲ ಅನ್ನುತ್ತದೆ, ನೀನು ಕೆಟ್ಟವನಲ್ಲ ಅನ್ನುವುದಿಲ್ಲ. ಅವನಿಗೆ ಬೇಕಾಗಿದ್ದ ಮಾತು ಎರಡನೆಯದು. ಅದನ್ನು ಯಾವ ಕಿಟ್ಟೂ ಹೇಳಲಾರದು.

ಇಂಥ ಭಯ ವಾರಗಳು ದಾಟಿದರೆ ಅದೇ ಒಂದು ಕಾಯಿಲೆ. ಮನೋವೈದ್ಯರು ಇದನ್ನು ಕಾಯಿಲೆಯ ಆತಂಕ ಅನ್ನುತ್ತಾರೆ, ಕೆಲವರಲ್ಲಿ ಗೀಳು ರೋಗದ ಒಂದು ರೂಪ. ಮತ್ತೆ ಮತ್ತೆ ಪರೀಕ್ಷೆ ಮಾಡಿಸುವುದು ಇದಕ್ಕೆ ಮದ್ದಲ್ಲ, ಮೇವು. ಚಿಕಿತ್ಸೆ ಇದೆ: ಕೆಲವರಿಗೆ ಮಾತ್ರೆ, ಜೊತೆಗೆ ಅನುಮಾನ ಬಂದರೂ ಕುತ್ತಿಗೆ ಒತ್ತದೆ, ಲ್ಯಾಬಿಗೆ ಓಡದೆ, ಆ ತಳಮಳ ತಾನಾಗಿ ಇಳಿಯುವವರೆಗೆ ಕೂತಿರುವ ಅಭ್ಯಾಸ. ಮೊದಲ ವಾರ ಬಹಳ ಕಷ್ಟ. ನಾನು ಅವನನ್ನು ಒಬ್ಬ ಮನೋವೈದ್ಯರ ಬಳಿ ಕಳಿಸಿದೆ. ಸಂಜೆಗಳಲ್ಲಿ ನಮ್ಮ ಮನೆಗೆ ಬಂದು ಕೂತು ಓದುತ್ತಿದ್ದ. ಎರಡೂ ಕೈಯಲ್ಲಿ ಪೆನ್ನು ಹಿಡಿದಿರುತ್ತಿದ್ದ, ಕುತ್ತಿಗೆಗೆ ಕೈ ಹೋಗಬಾರದೆಂದು.

ಹೆಣ್ಣುಮಕ್ಕಳ ಮಾತಿಗೆ ಬರುತ್ತೇನೆ. ಅವರು ರಾತ್ರಿ ಎರಡಕ್ಕೆ ಫೋನೂ ಮಾಡುವುದಿಲ್ಲ. ಅಪಾಯ ಅವರಿಗೇ ಹೆಚ್ಚು, ಕೇಳುವ ಬಾಗಿಲು ಅವರಿಗೇ ಕಡಿಮೆ. ಗರ್ಭದ ಭಯ ಮುಂದೆ ನಿಂತು ಸೋಂಕಿನ ಯೋಚನೆಯನ್ನು ಮರೆಸಿಬಿಡುತ್ತದೆ. ಮೆಡಿಕಲ್ ಶಾಪಿನ ಮಾತ್ರೆ ಗರ್ಭವನ್ನಷ್ಟೇ ತಡೆಯುತ್ತದೆ. ನಂಬಿದವನೊಡನೆ ಆದದ್ದಿರಲಿ, ಬಲವಂತದಿಂದ ಆದದ್ದಿರಲಿ, ಲೆಕ್ಕ ಅದೇ 72 ಗಂಟೆ. ಗಂಡಸರೊಡನೆ ಸಂಬಂಧವಿರುವ ಗಂಡುಮಕ್ಕಳೂ ಈ ಸಭೆಯಲ್ಲಿರಬಹುದು. ಅವರಿಗೆ ಎರಡು ಗುಟ್ಟುಗಳ ಭಾರ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದು ಅಪರಾಧವಲ್ಲ. ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಿ, ಸರಿಯಾದ ಸಲಹೆ ಅದರ ಮೇಲೇ ನಿಂತಿದೆ.

ಇನ್ನೊಂದು ಮಾತು ನನ್ನನ್ನು ಬಹಳ ಕಾಡಿದೆ. ಇಷ್ಟು ವರ್ಷಗಳಲ್ಲಿ "ಅವಳಿಂದ ನನಗೆ ಬಂತೇ" ಎಂದು ಕೇಳಿದವರಿಗೆ ಲೆಕ್ಕವಿಲ್ಲ. "ನನ್ನಿಂದ ಅವಳಿಗೆ ಹೋಗಿದ್ದರೆ" ಎಂದು ಕೇಳಿದವರು ಬೆರಳೆಣಿಕೆ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿಕೊಂಡ ಆಶೋದಯ ಸಮಿತಿ ಇದೆ. ಕಾಂಡೋಮ್ ಇಲ್ಲದೆ ಆಗುವುದಿಲ್ಲ ಎಂದು ಗಿರಾಕಿಗೆ ಹೇಳುವ ಬಲವನ್ನು ಅವರು ಒಬ್ಬರಿಗೊಬ್ಬರು ಕಲಿಸಿಕೊಂಡರು. ಜಿ.ಬಿ. ರಸ್ತೆಯ ಆ ಹೆಣ್ಣುಮಗಳೂ ಆ ರಾತ್ರಿ ಕಾಂಡೋಮ್ ಕೊಟ್ಟವಳು. ಅವನನ್ನು ಕಾಪಾಡಿದವಳು ಅವಳೇ. ಇದನ್ನು ಅವನಿಗೆ ಹೇಳಿದಾಗ ತಲೆ ತಗ್ಗಿಸಿ ಬಹಳ ಹೊತ್ತು ಕೂತಿದ್ದ.

ನಿಮ್ಮಲ್ಲಿ ಅನೇಕರನ್ನು ಹಿಡಿದು ನಿಲ್ಲಿಸುವುದು ನೌಕರಿಯ ಯೋಚನೆ. ಪಾಸಿಟಿವ್ ಬಂದರೆ ಕೆಲಸ ಹೋಯಿತು, ಸಂದರ್ಶನದ ನಂತರದ ಮೆಡಿಕಲ್‌ನಲ್ಲಿ ಸಿಕ್ಕಿಬೀಳುತ್ತೇನೆ ಎಂದು ಎಷ್ಟೋ ಮಂದಿ ಪರೀಕ್ಷೆಯನ್ನೇ ಮಾಡಿಸುವುದಿಲ್ಲ. ನೀವು ಕಾನೂನು ಓದುವವರು, ಇದನ್ನೂ ಓದಿಕೊಳ್ಳಿ. ಸೋಂಕು ಇದ್ದರೂ ಕೆಲಸಕ್ಕೆ ಮೈ ಸಮರ್ಥವಾಗಿದ್ದರೆ ಆ ಕಾರಣಕ್ಕೆ ನೌಕರಿ ನಿರಾಕರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 1997ರಲ್ಲೇ ಹೇಳಿತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ, ನೌಕರಿಗೆ ಎಚ್‌ಐವಿ ಪರೀಕ್ಷೆಯನ್ನು ಷರತ್ತು ಮಾಡುವುದೂ ಅದರ ಪ್ರಕಾರ ತಾರತಮ್ಯ.

ಪಾಸಿಟಿವ್ ಬಂದರೂ ಬದುಕು ಅಲ್ಲಿಗೆ ನಿಲ್ಲುವುದಿಲ್ಲ. ನಮ್ಮ ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತವಾಗಿ ಎಆರ್‌ಟಿ ಔಷಧಿ ಕೊಡುತ್ತಿದೆ. ತಪ್ಪದೆ ನುಂಗಿದವರ ರಕ್ತದಲ್ಲಿ ವೈರಾಣು ಎಣಿಕೆಗೆ ಸಿಗದಷ್ಟು ಕೆಳಗಿಳಿಯುತ್ತದೆ, ಹಾಗಿಳಿದವರಿಂದ ಲೈಂಗಿಕವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ. ಯುರೋಪಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನ ಸಲಿಂಗಿ ಪುರುಷ ಜೋಡಿಗಳದು. ಒಬ್ಬರು ಸೋಂಕಿದ್ದು ಔಷಧಿಯಲ್ಲಿದ್ದವರು, ಇನ್ನೊಬ್ಬರು ಸೋಂಕಿಲ್ಲದವರು. ಕಾಂಡೋಮ್ ಇಲ್ಲದ ಸುಮಾರು 76 ಸಾವಿರ ಸಂಭೋಗಗಳಲ್ಲಿ ಸಂಗಾತಿಯಿಂದ ಸಂಗಾತಿಗೆ ಹರಡಿದ್ದು ಒಂದೂ ಇಲ್ಲ. ನನ್ನ ಹಳೆಯ ಸ್ಲೈಡುಗಳಲ್ಲಿ ಇದು ಇರಲಿಲ್ಲ.

ಎಲ್ಲಿ ಹೋಗಬೇಕು? ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಎಂಬ ಕೇಂದ್ರವಿರುತ್ತದೆ. ಅಲ್ಲಿ ಆಪ್ತಸಮಾಲೋಚಕರು ಮೊದಲು ಮಾತಾಡುತ್ತಾರೆ, ಆಮೇಲೆ ಪರೀಕ್ಷೆ, ಎಲ್ಲವೂ ಉಚಿತ. ಮೊದಲ ಕಿಟ್ಟಿನಲ್ಲಿ ರಿಯಾಕ್ಟಿವ್ ಬಂದರೆ ಅಷ್ಟಕ್ಕೇ ಪಾಸಿಟಿವ್ ಅನ್ನುವುದಿಲ್ಲ, ಇನ್ನೆರಡು ಬೇರೆ ಕಿಟ್ಟುಗಳಲ್ಲಿ ನೋಡುತ್ತಾರೆ. ಸಹಾಯವಾಣಿ 1097. ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಹೋದಾಗ ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಕೇಳಿ. ಏಡ್ಸಿನ ಭಯದಲ್ಲಿ ಅವುಗಳನ್ನು ಎಲ್ಲರೂ ಮರೆಯುತ್ತಾರೆ. ಹೆಪಟೈಟಿಸ್ ಬಿಗೆ ಲಸಿಕೆಯೇ ಇದೆ.

ಆ ಹುಡುಗನಿಗೆ ಸರಿಹೋಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಒಂದು ದಿನ ಆ ಹನ್ನೊಂದು ಚೀಟಿಗಳ ಕವರನ್ನು ನನ್ನ ಮೇಜಿನ ಮೇಲಿಟ್ಟು, ನಿಮ್ಮ ಹತ್ತಿರವೇ ಇರಲಿ ಅಂದ. ಇನ್ನೂ ನನ್ನ ಕಪಾಟಿನಲ್ಲಿದೆ.

ಹೋದ ಚಳಿಗಾಲದಲ್ಲಿ ಮತ್ತೆ ಅವನ ಫೋನು ಬಂತು, ರಾತ್ರಿ ಹನ್ನೊಂದೂವರೆ. "ಮೇಡಮ್ಮರ, ನಮ್ ಲೈಬ್ರರಿ ಗೆಳೆಯಗ ಸಮಸ್ಯೆ ಆಗೈತ್ರಿ. ಕಾಂಡೋಮ್ ಇರಲಿಲ್ಲಂತ." ನನ್ನ ಎದೆ ಧಸಕ್ಕೆಂದಿತು. ಎಷ್ಟು ಹೊತ್ತಾಯಿತು ಎಂದು ಕೇಳಿದೆ.

"ಹದಿನೆಂಟು ತಾಸು ಆತ್ರಿ. ಮಗ್ಗಲ್ದಾಗ ಕುಂತಾನ, ಅಳಾಕತ್ತಾನ. ಆಟೋದಾಗ ಅದೀವ್ರಿ, ಎಮರ್ಜೆನ್ಸಿಗೆ ಹೊಂಟೀವಿ. ಅಲ್ಲಿ ಡಾಕ್ಟರಿಗೆ ಏನಂತ ಹೇಳ್ಬೇಕು ಅಷ್ಟು ಹೇಳ್ರಿ."